ಯಾವ ಮರ ಹತ್ತುವುದಿಲ್ಲ?

ಕಳೆದ ವಾರ ಹುಳಿಯಾರಿನ ಕಡೆಯ ಒಂದು ಫ್ಯಾಕ್ಟರಿಯಿಂದ ಪರೀಕ್ಷೆಗೆಂದು ತೆಂಗಿನಕಾಯಿ ಪುಡಿಯ ಸ್ಯಾಂಪಲ್ ಬಂತು. ಡಬ್ಬಿಗಳನ್ನು ಯಾರೋ ಪುಣ್ಯಾತ್ಮರು ಹೊಚ್ಚ ಹೊಸ ಗೋಣಿಚೀಲದಲ್ಲಿ ಸುತ್ತಿ, ದಬ್ಬಣದಲ್ಲಿ ಹೊಲಿಗೆ ಹಾಕಿ ಬಸ್ಸಿಗೆ ಏರಿಸಿದ್ದರು. ಹೊಲಿಗೆ ಬಿಚ್ಚಿದ ಕೂಡಲೇ ಹೊಸ ಗೋಣಿಯ ವಾಸನೆ ಕೋಣೆಯೆಲ್ಲ ತುಂಬಿತು. ಒಂದಿಷ್ಟು ಎಣ್ಣೆ, ಒಂದಿಷ್ಟು ಒಣಹುಲ್ಲು, ಮೂಗಿಗೆ ಹೋದರೆ ಸೀನು ಗ್ಯಾರಂಟಿ. ನಾನೂ ಸೀನಿದೆ. ಸೀನಿ ಮುಗಿಸುವಷ್ಟರಲ್ಲಿ ಏಜೆನ್ಸಿಯಣ್ಣ ನೆನಪಾದರು.

ತಿಪಟೂರಿನಲ್ಲಿ ಅವರ ಆಫೀಸು ಇದ್ದದ್ದು ಗೋಣಿಚೀಲದ ಅಂಗಡಿಯ ಮಹಡಿ ಮೇಲೆ. ಕೆಳಗಿನಿಂದ ಆ ವಾಸನೆ ಮೆಟ್ಟಿಲು ಹತ್ತಿಕೊಂಡು ನಮಗಿಂತ ಮೊದಲೇ ಒಳಗೆ ಹೋಗಿ ಕೂತಿರುತ್ತಿತ್ತು. ಒಂದು ಮೇಜು, ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಸದಾ ಬಿಸಿಯಾಗಿರುತ್ತಿದ್ದ ಒಂದು ಮೊಬೈಲು. ಗೋಡೆಯ ಮೊಳೆಗೆ ಮರ ಹತ್ತುವವರು ಕಾಲಿಗೆ ಹಾಕಿಕೊಳ್ಳುವ ಹಗ್ಗದ ಕುಣಿಕೆಯೊಂದು ನೇತಾಡುತ್ತಿತ್ತು. ಯಾಕೆ ಅಂತ ಮೊದಲ ದಿನ ನನಗೆ ಅರ್ಥವಾಗಲಿಲ್ಲ.

ಅವರು ಮೊದಲು ತೋಟಗಳಿಗೆ ಕಾಯಿ ಕೀಳುವವರನ್ನು ಹೊಂದಿಸಿ ಕೊಡುತ್ತಿದ್ದವರು. ಆಮೇಲೆ ಸುತ್ತಮುತ್ತ ಕಾಯಿಪುಡಿ ಮಾಡುವ, ಎಣ್ಣೆ ತೆಗೆಯುವ ಸಣ್ಣ ಸಣ್ಣ ಫ್ಯಾಕ್ಟರಿಗಳು ಎದ್ದವು. ಅವಕ್ಕೆ ಲೆಕ್ಕ ನೋಡುವವರು ಬೇಕು, ಮಾಲು ಪರೀಕ್ಷೆ ಮಾಡುವವರು ಬೇಕು, ಪ್ಯಾಕೆಟ್ಟಿನ ಮೇಲೆ ಚಿತ್ರ ಹಾಕುವವರು ಬೇಕು. ಆದರೆ ಯಾರನ್ನೂ ಪೂರ್ತಿ ಸಂಬಳಕ್ಕೆ ಇಟ್ಟುಕೊಳ್ಳುವಷ್ಟು ಕೆಲಸ ಯಾರಲ್ಲೂ ಇಲ್ಲ. ಅಣ್ಣ ಯೋಚನೆ ಮಾಡಿದರು. ಒಬ್ಬ ಮರ ಹತ್ತುವವನು ಸೋಮವಾರ ಒಬ್ಬರ ತೋಟಕ್ಕೆ, ಮಂಗಳವಾರ ಇನ್ನೊಬ್ಬರ ತೋಟಕ್ಕೆ ಹೋಗುತ್ತಾನಲ್ಲ, ಇಂಜಿನಿಯರು ಯಾಕೆ ಹೋಗಬಾರದು? ಹೀಗೆ ತೆಂಗಿನ ಫ್ಯಾಕ್ಟರಿಗಳಿಗೆ ಮಾತ್ರ ಫ್ರೀಲಾನ್ಸ್ ಕೆಲಸಗಾರರನ್ನು ಒದಗಿಸುವ ಏಜೆನ್ಸಿ ಶುರುವಾಯಿತು.

ಬೋರ್ಡಿನದೇ ಒಂದು ಪುರಾಣ. ಮೊದಲು ಬರೆಸಿದ ಬೋರ್ಡಿನಲ್ಲಿ ಪೇಂಟರು ‘ಫ್ರೀ’ ಎಂಬುದನ್ನು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದು, ‘ಲಾನ್ಸ್’ ಎಂಬುದನ್ನು ಜಾಗ ಸಾಲದೆ ಮೂಲೆಗೆ ತಳ್ಳಿದ್ದನಂತೆ. ದಿನವೂ ಜನ ಮಹಡಿ ಹತ್ತಿ ಬಂದು, ಏನು ಫ್ರೀ ಕೊಡ್ತಿದೀರಿ ಎಂದು ಕೇಳುವರು. ಅಣ್ಣನಿಗೆ ರೇಗಿ ಇಂಗ್ಲಿಷೇ ಬೇಡವೆಂದು ‘ಬಿಡಿ ಕೆಲಸದ ತಜ್ಞರು ಸಿಗುತ್ತಾರೆ’ ಎಂದು ಬರೆಸಿದರು. ಅದೇ ಪೇಂಟರು ‘ಬಿ’ಗೆ ದೀರ್ಘ ಎಳೆದ. ಆವತ್ತಿನಿಂದ ಬೀಡಿ ಕಟ್ಟುವ ಹೆಂಗಸರು ಬಂದು, ಎಲೆ ಮನೆಗೇ ಕೊಡ್ತೀರಾ ಎಂದು ವಿಚಾರಿಸತೊಡಗಿದರು. ನಾನು ಹೋಗುವ ಹೊತ್ತಿಗೆ ಆ ದೀರ್ಘವನ್ನು ಸುಣ್ಣದಲ್ಲಿ ಮುಚ್ಚಿದ್ದರು. ಬಿಸಿಲಲ್ಲಿ ಅದು ಇನ್ನೂ ಇಣುಕುತ್ತಿತ್ತು.

ನಾನು ತುಮಕೂರಿನ ದೊಡ್ಡ ಕಂಪನಿಯೊಂದರ ಲ್ಯಾಬಿನಲ್ಲಿದ್ದವಳು. ಮಗಳು ಹುಟ್ಟಿದ ಮೇಲೆ ದಿನಾ ಓಡಾಡುವುದು ಆಗದೆ ಬಿಟ್ಟು, ತಿಪಟೂರಿನಲ್ಲೇ ಕೂತಿದ್ದೆ. ಕಲಿತ ವಿದ್ಯೆ ತುಕ್ಕು ಹಿಡಿಯುತ್ತಿದೆ ಎಂಬ ಸಂಕಟ ಒಳಗೊಳಗೇ ಕಡಿಯುತ್ತಿತ್ತು. ಯಾರೋ ಹೇಳಿದರು ಎಂದು ಸರ್ಟಿಫಿಕೇಟುಗಳ ಫೈಲು ಹಿಡಿದು ಆ ಮಹಡಿ ಹತ್ತಿದೆ.

ಅಣ್ಣ ಫೈಲು ಬಿಚ್ಚಲೇ ಇಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ, “ಕೂತ್ಕಳಿ ಅಮ್ಮ” ಎಂದರು. ಆಮೇಲೆ ನೇರವಾಗಿ, “ಯಾವ್ ಮರ ಹತ್ತಲ್ಲ ನೀವು?” ಎಂದು ಕೇಳಿದರು.

ನನಗೆ ತಲೆಬುಡ ತಿಳಿಯಲಿಲ್ಲ. ನಾನು ಲ್ಯಾಬಿನವಳು, ಮರ ಹತ್ತುವುದಕ್ಕಲ್ಲ ಬಂದಿರುವುದು ಎಂದೆ.

“ಗೊತ್ತು ಕಣಮ್ಮ. ನಿಮ್ ಕೆಲಸ್ದಲ್ಲಿ ಯಾವ್ದು ಮಾಡಲ್ಲ ಅಂತೀರಿ? ಅದ್ನ ಹೇಳಿ.”

ಕೆಲಸ ಕೇಳಲು ಹೋದವರು ಏನು ಹೇಳುತ್ತಾರೋ ಅದನ್ನೇ ಹೇಳಿದೆ. ಎಲ್ಲಾ ಮಾಡ್ತೀನಿ ಸರ್.

“ಎಲ್ಲಾ ಮಾಡ್ತೀನಿ ಅನ್ನೋರು ನಂಗ್ ಬ್ಯಾಡ. ಯೋಚ್ನೆ ಮಾಡ್ಕಂಡ್ ಬನ್ನಿ” ಎಂದು ಅವರು ಮೊಬೈಲು ಕಿವಿಗಿಟ್ಟುಕೊಂಡರು. ನನಗೆ ಉರಿದುಹೋಯಿತು. ಓದಿದ್ದು ಇಷ್ಟಕ್ಕೇನಾ, ಈ ಮನುಷ್ಯನಿಂದ ಹೀಗೆ ಅನ್ನಿಸಿಕೊಳ್ಳಲಿಕ್ಕಾ ಎಂದುಕೊಂಡು ಎದ್ದೆ.

ಬಾಗಿಲ ಬಳಿ ಅವರ ಸಹಾಯಕ ಕೂತಿರುತ್ತಿದ್ದ. ನಲವತ್ತರ ಆಸುಪಾಸಿನ ಆಳು, ಪಕ್ಕದಲ್ಲಿ ಒಂದು ಊರುಗೋಲು. ಏಜೆನ್ಸಿಯ ಎರಡನೇ ಫೋನು ಅವನ ಸುಪರ್ದಿ. ನನ್ನ ಮುಖ ನೋಡಿ ನಗುತ್ತಾ, ಬೇಜಾರ್ ಮಾಡ್ಕಬೇಡಿ ಅಂದ. ಆಮೇಲೆ ಗೋಡೆಯ ಹಗ್ಗದ ಕುಣಿಕೆಯ ಕಡೆ ಕೈ ತೋರಿಸಿದ. “ಅದು ನಂದು ಕಣಕ್ಕ. ಅಣ್ಣನೇ ನನ್ನ ತೋಟಕ್ಕೆ ಕಳಿಸ್ತಿದ್ದಿದ್ದು. ಯಾವ್ ಮರ ಆದ್ರೂ ಹತ್ತೀನಿ ಅಂತಿದ್ದೆ. ಒಂದು ಮರ ಸುಳೀತಾವ ಹುಳ ತಿಂದಿತ್ತು. ಹತ್ತಬಾರ್ದು ಅಂತ ನಂಗೂ ಅನ್ನಿಸ್ತು, ಹತ್ತಿದೆ.” ಅವನು ಸೊಂಟ ಮುಟ್ಟಿಕೊಂಡ. “ನನ್ನ ಕೇಳ್ಲಿಲ್ಲ ಅವ್ರು. ನಾನ್ ಬಿದ್ಮೇಲಿಂದ ಎಲ್ಲಾರ್ನೂ ಕೇಳ್ತಾರೆ.”

ಮುಂದಿನ ವಾರ ಮತ್ತೆ ಹೋದೆ. ಕಂಡದ್ದು ಒಂದು, ಬರೆಯುವುದು ಇನ್ನೊಂದು, ಅದನ್ನು ಮಾತ್ರ ಮಾಡಲ್ಲ ಎಂದು ಹೇಳಿದೆ. ಅಣ್ಣ ತಲೆಯಾಡಿಸಿ, ನನ್ನೆದುರಿಗೇ ಒಂದು ಫ್ಯಾಕ್ಟರಿಗೆ ಫೋನು ಹಚ್ಚಿದರು. “ಒಬ್ರು ಮೇಡಂ ಅವ್ರೆ. ಕಂಡಿದ್ದೊಂದು ಬರೆಯೋದೊಂದು ಮಾಡಲ್ವಂತೆ. ಒಪ್ಗೆ ಆದ್ರೆ ಹೇಳಿ” ಎಂದರು. ನನ್ನ ಡಿಗ್ರಿ, ನನ್ನ ಅನುಭವ ಒಂದೂ ಆ ಮಾತಿನಲ್ಲಿ ಬರಲಿಲ್ಲ.

ಅವರ ಕ್ರಮವೇ ಹಾಗೆ. ಪ್ರತಿಯೊಬ್ಬರನ್ನೂ ಅವರು ಏನು ಮಾಡುವುದಿಲ್ಲವೋ ಅದರಿಂದಲೇ ಪರಿಚಯಿಸುತ್ತಿದ್ದರು. ಹಳೇ ತಾರೀಖು ಹಾಕಿ ಬಿಲ್ಲು ಬರೆಯದ ಅಕೌಂಟೆಂಟ್. ಕರೆಂಟು ತೆಗೆಯದೆ ವೈರು ಮುಟ್ಟದ ಎಲೆಕ್ಟ್ರಿಷಿಯನ್. ಪ್ಯಾಕೆಟ್ಟಿನ ಮೇಲೆ ದೇವರ ಚಿತ್ರ ಹಾಕದ ಡಿಸೈನರ್, ಏಕೆಂದರೆ ಆ ಪ್ಯಾಕೆಟ್ಟು ಕೊನೆಗೆ ತಿಪ್ಪೆಗೆ ಹೋಗುತ್ತದಲ್ಲ. ಫ್ಯಾಕ್ಟರಿಯವರು ಮೊದಲು ನಗುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ಒಪ್ಪಿಕೊಂಡವರು ಮುಂದೆ ತಕರಾರು ತೆಗೆಯುವಂತಿರಲಿಲ್ಲ.

ಅಣ್ಣ ದೇವರಂಥ ಮನುಷ್ಯ ಎಂದು ನಾನು ಬರೆಯಲಾರೆ. ಟೀ ಕುಡಿಸುವುದರಲ್ಲಿ ಭಾರಿ ಜಿಪುಣ, ಒಂದನ್ನು ಇಬ್ಬರಿಗೆ ಹಂಚಿಸುತ್ತಿದ್ದರು. ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು, ಫ್ಯಾಕ್ಟರಿ ಗೇಟಲ್ಲೇ ಇದೀನಿ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಮಾತಾಡುವಾಗ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಆದರೂ ಅವರಿಂದಾಗಿ ನನಗೆ ನನ್ನ ಕೆಲಸ ವಾಪಸ್ ಸಿಕ್ಕಿತು. ವಾರದ ಒಂದೊಂದು ದಿನ ಒಂದೊಂದು ಫ್ಯಾಕ್ಟರಿ, ಸಂಜೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಮನೆ. ಅದಕ್ಕಿಂತ ಹೆಚ್ಚಿನದು ನಾನು ಬಯಸಿರಲಿಲ್ಲ.

ಏಜೆನ್ಸಿಯ ಮುಕ್ಕಾಲು ಪಾಲು ಕೆಲಸ ಬರುತ್ತಿದ್ದದ್ದು ಒಬ್ಬರೇ ಸಾಹುಕಾರರಿಂದ. ಅವರ ಕಾಯಿಪುಡಿ ಫ್ಯಾಕ್ಟರಿ ನಮ್ಮ ಕಡೆಗೆಲ್ಲ ದೊಡ್ಡದು. ನಾನೂ ಅಲ್ಲಿಗೆ ಹೋಗುತ್ತಿದ್ದೆ, ಅಕೌಂಟೆಂಟೂ ಹೋಗುತ್ತಿದ್ದರು, ಎಲೆಕ್ಟ್ರಿಷಿಯನ್ನೂ. ಅವರು ಕೈಬಿಟ್ಟರೆ ಏಜೆನ್ಸಿ ಬಾಗಿಲು ಹಾಕಬೇಕು ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ.

ಒಂದು ಮಳೆಗಾಲದಲ್ಲಿ ಆ ಫ್ಯಾಕ್ಟರಿಯ ಪುಡಿಯನ್ನು ಪರೀಕ್ಷಿಸಿದಾಗ ರೋಗ ತರುವ ಕ್ರಿಮಿ ಕಾಣಿಸಿತು. ಕಾಯಿ ತೊಳೆಯುವ ತೊಟ್ಟಿಯ ನೀರು ಕೆಟ್ಟಿತ್ತು. ಮಾಲು ಆಗಲೇ ಲಾರಿಗೆ ತುಂಬಿತ್ತು. ಬಂದರಿನಲ್ಲಿ ಹಡಗಿಗೆ ಜಾಗ ಹಿಡಿದಿಟ್ಟಿದ್ದರು. ನಾನು ಮಾಲು ಸರಿಯಿದೆ ಎಂದು ಬರೆದು ಸಹಿ ಹಾಕಿದರೆ ಲಾರಿ ಹೊರಡುತ್ತದೆ. ಬರೆಯಲ್ಲ ಅಂದೆ. ಇನ್ನೊಂದು ಸಲ ಪರೀಕ್ಷೆ ಮಾಡಲು ಎರಡು ದಿನ ಕೊಡಿ ಎಂದು ಕೇಳಿದೆ. ಸಾಹುಕಾರರು ಕೆಟ್ಟವರಲ್ಲ, ಒಳ್ಳೆ ಮಾತಿನಲ್ಲೇ ಕೇಳಿದರು. “ಮೇಡಂ, ನಾವು ಇದೇ ನೀರು ಕುಡ್ಕಂಡು ಬೆಳ್ದೋರು. ನಮ್ಗೇನಾಗದೆ?” ನಾನು ಪೆನ್ನು ಬ್ಯಾಗಿಗೆ ಹಾಕಿಕೊಂಡೆ. ಅವರು ಅಣ್ಣನಿಗೆ ಫೋನು ಮಾಡಿದರು.

ಅಣ್ಣ ಮೊಪೆಡ್ಡಿನಲ್ಲಿ ನೆನೆದುಕೊಂಡು ಬಂದರು. ಬಂದವರೇ ನನ್ನನ್ನು ಪಕ್ಕಕ್ಕೆ ಕರೆದು, ಒಂದೇ ದಿನದಲ್ಲಿ ಆಗಲ್ವಾ ಅಂತ ಕೇಳಿದರು. ಆಗಲ್ಲ ಅಂದೆ. ಸಾಹುಕಾರರ ಬಳಿ ಹೋಗಿ, ಎರಡು ದಿನ ಲಾರಿ ನಿಲ್ಲಿಸಿ ಎಂದು ಕೈ ಮುಗಿದರು. ನಿಜವಾಗಿಯೂ ಕೈ ಮುಗಿದರು. ನನಗೆ ಅದನ್ನು ನೋಡಲು ಆಗಲಿಲ್ಲ.

ಸಾಹುಕಾರರು ಹೇಳಿದರು: “ಅಣ್ಣ, ನಿಮ್ ತಾವ ಇನ್ನೊಬ್ಬ ಲ್ಯಾಬಿನೋನು ಅವ್ನೆ ಅಲ್ವಾ, ಅವನ್ನ ಕಳ್ಸಿ. ಇಲ್ಲಾಂದ್ರೆ ನಾಳೆಯಿಂದ ನಿಮ್ಮೋರ್ ಯಾರೂ ಬರೋದ್ ಬ್ಯಾಡ.”

ಲಾರಿಯ ಮೇಲಿನ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕತ್ತು ಒರೆಸಿಕೊಂಡರು, ಮತ್ತೆ ಮುಖ ಒರೆಸಿಕೊಂಡರು.

“ಆ ಮರ ಹತ್ತೋರು ನಮ್ ತಾವ ಯಾರೂ ಇಲ್ಲ, ಬುಡಿ ಸಾಹುಕಾರ್ರೇ” ಎಂದರು.

ಗೇಟಿನ ಹೊರಗೆ ಬಂದ ಮೇಲೆ ನನ್ನ ಮೇಲೆ ರೇಗಿದರು. “ನೀವಾದ್ರೂ ವಸಿ ಮೆತ್ತಗೆ ಹೇಳ್ಬಾರ್ದಾಗಿತ್ತಾ? ಏನ್ ನಾಲ್ಗೆನೋ ನಿಮ್ದು!” ಎಂದು ಗೊಣಗುತ್ತಾ ಮೊಪೆಡ್ಡು ಒದ್ದರು. ಅದು ನೆನೆದು ಸ್ಟಾರ್ಟ್ ಆಗಲಿಲ್ಲ. ಬಸ್‌ಸ್ಟಾಪಿನವರೆಗೆ ಅದನ್ನು ತಳ್ಳಿಕೊಂಡೇ ನನ್ನ ಜೊತೆ ನಡೆದರು.

ಸಾಹುಕಾರರು ಬೇರೆ ಊರಿನಿಂದ ಯಾರನ್ನೋ ಕರೆಸಿ ಸಹಿ ಹಾಕಿಸಿಕೊಂಡರು. ಆ ಮಾಲು ತಿರಸ್ಕಾರವಾಗಿ ವಾಪಸ್ ಬಂತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬರಲಿಲ್ಲ. ಲಾರಿ ಹೋಯಿತು, ಹಡಗೂ ಹೋಯಿತು, ಏನೂ ಆಗಲಿಲ್ಲ. ಆದದ್ದೆಲ್ಲ ಏಜೆನ್ಸಿಗೆ. ಸಾಹುಕಾರರು ನಮ್ಮವರನ್ನೆಲ್ಲ ಬಿಡಿಸಿದರು, ಅವರನ್ನು ನೋಡಿ ಇನ್ನಿಬ್ಬರು ಬಿಡಿಸಿದರು. ಅಕೌಂಟೆಂಟ್ ನನ್ನನ್ನು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಿಲ್ಲಿಸಿ, “ನಿಮ್ದೊಂದು ಸೈನಿಗೆ ನಮ್ಮೆಲ್ರ ಅನ್ನ ಹೋಯ್ತು ಕಣ್ರೀ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಒಂದೆರಡು ವರ್ಷ ಅಣ್ಣ ಎಳೆದಾಡಿ ನೋಡಿದರು. ಆ ಹೊತ್ತಿಗೆ ಬೆಂಗಳೂರಿನ ಏಜೆನ್ಸಿಗಳು ಫೋನಿನೊಳಗೇ ಬಂದು ಕೂತಿದ್ದವು. ಯಾರು ಬೇಕೋ ಅವರನ್ನು ಒತ್ತಿ ಕರೆಸಿಕೊಳ್ಳಬಹುದಾಗಿತ್ತು. ಅಣ್ಣ ಮಹಡಿ ಖಾಲಿ ಮಾಡಿ, ಮನೆಯಿಂದಲೇ ಮತ್ತೆ ಮರ ಹತ್ತುವವರನ್ನು ಹೊಂದಿಸಿ ಕೊಡತೊಡಗಿದರು. ಮರ ಹತ್ತುವವರಿಗೆ ನಮಗಿಂತ ಹೆಚ್ಚು ಬೇಡಿಕೆ ಇತ್ತು. ದಾರಿಯಲ್ಲಿ ಸಿಕ್ಕಾಗ, ಈಗ ಆರಾಮು ಕಣಮ್ಮ ಎನ್ನುತ್ತಿದ್ದರು. ಆರಾಮಿದ್ದರೋ ಇಲ್ಲವೋ… ನಾನು ಹೆಚ್ಚು ಕೆದಕಲಿಲ್ಲ.

ಒಂದು ಬೆಳಿಗ್ಗೆ ಊರುಗೋಲಿನ ಸಹಾಯಕ ಫೋನು ಮಾಡಿ, “ಅಣ್ಣ ಹೋಗ್ಬುಟ್ರು ಕಣಕ್ಕ” ಎಂದ. ಎದೆನೋವು ಅಂದರಂತೆ, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ಹೋಗಿ ನೋಡಿಕೊಂಡು ಬಂದೆ. ಅಂಗಳದ ತುಂಬ ಮರ ಹತ್ತುವವರು ನಿಂತಿದ್ದರು. ಅಕೌಂಟೆಂಟೂ ಬಂದಿದ್ದರು. ನನ್ನನ್ನು ನೋಡಿ ಸ್ವಲ್ಪ ಜರುಗಿ, ನೆರಳಿನಲ್ಲಿ ನಿಲ್ಲಲು ಜಾಗ ಮಾಡಿಕೊಟ್ಟರು.

ನಾನೀಗ ಬೆಂಗಳೂರಿನ ಏಜೆನ್ಸಿಯೊಂದರ ಮೂಲಕ ಕೆಲಸ ಮಾಡುತ್ತೇನೆ. ದೂರಲು ಏನೂ ಇಲ್ಲ. ಮಾತಿಗೆ ತಪ್ಪುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗೇಟಲ್ಲಿದೀನಿ ಎನ್ನುವುದಿಲ್ಲ. ಅವರ ಮುಖ ನಾನು ನೋಡಿಲ್ಲ, ನನ್ನದನ್ನು ಅವರೂ ನೋಡಿಲ್ಲ.

ಸ್ಯಾಂಪಲ್ ಬಂದ ದಿನ ಮಧ್ಯಾಹ್ನ ಆ ಏಜೆನ್ಸಿಯಿಂದ ಒಬ್ಬಳು ಹುಡುಗಿ ಫೋನು ಮಾಡಿದಳು. ನನ್ನ ವಿವರಗಳನ್ನು ಹೊಸದಾಗಿ ತುಂಬಿಕೊಳ್ಳಬೇಕಂತೆ. ಯಾವ ಯಾವ ಪರೀಕ್ಷೆ ಮಾಡುತ್ತೀರಿ, ಎಷ್ಟು ದೂರ ಹೋಗುತ್ತೀರಿ, ಭಾನುವಾರ ಆಗುತ್ತದೆಯೇ ಎಂದು ಒಂದೊಂದೇ ಕೇಳಿದಳು. ಮರ್ಯಾದೆಯಾಗಿಯೇ ಕೇಳಿದಳು. ನಾನು ಕಾಲ ಬಳಿ ಬಿದ್ದಿದ್ದ ಗೋಣಿಚೀಲ ನೋಡುತ್ತಾ ಉತ್ತರ ಕೊಟ್ಟೆ.

“ಅಷ್ಟೇ ಮ್ಯಾಮ್, ಥ್ಯಾಂಕ್ಯೂ” ಎಂದಳು.

“ಇನ್ನೇನೂ ಕೇಳೋದಿಲ್ವಾ?” ಎಂದೆ.

ಅವಳು ಗಲಿಬಿಲಿಗೊಂಡಳು. ಕಂಪ್ಯೂಟರಿನಲ್ಲಿ ಮತ್ತೊಮ್ಮೆ ನೋಡಿರಬೇಕು. “ಇಲ್ಲ ಮ್ಯಾಮ್, ಎಲ್ಲಾ ಆಯ್ತು” ಎಂದಳು. ನಾನು ಫೋನು ಇಟ್ಟೆ. ಆ ಮನುಷ್ಯ ಇಲ್ಲ ಎಂಬುದು ಅಂಗಳದಲ್ಲಿ ನಿಂತಿದ್ದ ದಿನಕ್ಕಿಂತ ಹೆಚ್ಚಾಗಿ ಆವಾಗ ಚುಚ್ಚಿತು. ಆ ಒಂದು ಪ್ರಶ್ನೆಯನ್ನು ಅವಳು ಕೇಳಿದ್ದರೆ ಈ ಸಲ ಯೋಚನೆ ಮಾಡಿಕೊಂಡು ಬರುವ ಅಗತ್ಯವಿರಲಿಲ್ಲ, ಕೂತಲ್ಲೇ ಹೇಳಿಬಿಡುತ್ತಿದ್ದೆ.