ಮೈಕಜ್ಜಿಯ ಬೈಗುಳ ಆಕಾಶಕ್ಕೇರಿದ್ದು

ಊರಿನವರು ಅವಳನ್ನು ಮೈಕಜ್ಜಿ ಎನ್ನುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ನಿಂತು ಅವಳು ಕುರಿಯೊಂದನ್ನು ಗದರಿದರೆ, ಕೆಳಗೆ ಹಾಲಿನ ಡೈರಿಯ ಮುಂದೆ ಸಾಲು ನಿಂತವರು ಬೆಚ್ಚಿಬೀಳುತ್ತಿದ್ದರು. ಕೋಲು ಹಿಡಿದು ಕುರಿ ಕಾಯುವವರು ಬೇಕಾದಷ್ಟು ಜನ. ಇವಳದು ಬರೀ ಬಾಯಿ. ಐವತ್ತು ವರ್ಷ ಆ ಬಾಯಿಂದಲೇ ಕುರಿ ಸಾಕಿದಳು, ಮಗನನ್ನೂ ಸಾಕಿದಳು.

ಈ ವರ್ಷ ಮೊಣಕಾಲು ಕೈಕೊಟ್ಟಿತು. ಗುಡ್ಡ ಹತ್ತಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಬೆಳಿಗ್ಗೆ ಮೇಲೆ ಹೋಗಲು ಕುರಿಗಳಿಗೆ ಯಾರೂ ಬೇಕಿಲ್ಲ. ಸಂಜೆ ಇಳಿಸಿ ತರುವುದೇ ಪಾಡು. ಮಗ ಒಂದು ವಾರ ಲಾರಿ ನಿಲ್ಲಿಸಿ ಆ ಪಾಡು ಪಟ್ಟ, ಸುಸ್ತಾದ.

"ಅರವತ್ತಮೂರನ್ನೂ ಮಾರಿಬಿಡೋಣಮ್ಮ. ಭಾನುವಾರ ವ್ಯಾಪಾರಿ ಬರ್ತಾನೆ. ನಿನಗೂ ಸಾಕಾಗಿದೆ ಅಲ್ವಾ?"

ಲೋಕವನ್ನೆಲ್ಲ ಬೈಯುವವಳು ಮಗನ ಮುಂದೆ ಮಾತ್ರ "ಹೂಂ, ನಿನ್ನಿಷ್ಟ" ಎಂದು ಸುಮ್ಮನಾದಳು. ಅಂದಿನಿಂದ ಅವಳ ತಟ್ಟೆಯಲ್ಲಿ ಅರ್ಧ ಊಟ ಉಳಿಯತೊಡಗಿತು. ಮಗನಿಗೆ ಅದು ಕಾಣಲಿಲ್ಲ, ಸೊಸೆಗೆ ಕಂಡಿತು.

ಸೊಸೆ ಪೇಟೆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವಳು. ಮದುವೆಗಳನ್ನು ಮೇಲಿನಿಂದ ಚಿತ್ರೀಕರಿಸಲು ಅವಳ ಬಳಿ ಒಂದು ಪುಟ್ಟ ಡ್ರೋನ್ ಇತ್ತು. "ಅತ್ತೆ, ನಿಮ್ಮ ಬದಲು ಇದು ಗುಡ್ಡ ಹತ್ತುತ್ತೆ. ನೀವು ಜಗಲಿ ಮೇಲೆ ಕೂತು ಪರದೇಲಿ ನೋಡ್ತಿರಿ."

"ಗುಂಯ್ ಅನ್ನೋ ಸೊಳ್ಳೆ ನನ್ನ ಕುರಿ ಕಾಯುತ್ತಾ? ಕಾದ ಹಾಗೇ ಇದೆ."

ಮೊದಲ ದಿನ ಆ ಸದ್ದಿಗೆ ಕುರಿಗಳು ದಿಕ್ಕಾಪಾಲಾದವು. ಎರಡನೆಯ ದಿನ ಅಭ್ಯಾಸವಾಗಿ, ಅದು ತಲೆಯ ಮೇಲೇ ಸುತ್ತಿದರೂ ಕ್ಯಾರೇ ಎನ್ನಲಿಲ್ಲ. ಸೊಸೆ ಛಲ ಬಿಡುವವಳಲ್ಲ. ಡ್ರೋನಿಗೆ ಸಣ್ಣ ಸ್ಪೀಕರ್ ಕಟ್ಟಿದಳು, ಅತ್ತೆಯನ್ನು ಸ್ಟುಡಿಯೋಗೆ ಕರೆದೊಯ್ದು ಮೈಕಿನ ಮುಂದೆ ಕೂರಿಸಿದಳು. ನೋಡಿ ಸ್ವಾಮಿ, ಹೆಸರೇನೋ ಮೈಕಜ್ಜಿ, ನಿಜವಾದ ಮೈಕು ಕಂಡೊಡನೆ ಬಾಯಿ ಬಂದ್. ಕೂದಲು ಸವರಿಕೊಂಡು, ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ವಂದನಾರ್ಪಣೆ ಮಾಡುವವಳಂತೆ, "ಎಲ್ಲಾ ಕುರಿಗಳೂ ದಯವಿಟ್ಟು ಮನೆಗೆ ಬರಬೇಕು" ಎಂದಳು. ಡ್ರೋನಿನಿಂದ ಕೇಳಿಬಂದ ಆ ಮರ್ಯಾದೆಯ ಮಾತಿಗೆ ಒಂದು ಕುರಿಯೂ ಕದಲಲಿಲ್ಲ. ಅದು ಯಾರ ದನಿಯೆಂದು ಅವಕ್ಕೆ ಗೊತ್ತಾದರೆ ತಾನೆ?

ಶನಿವಾರ ಸಂಜೆ ಪರದೆಯಲ್ಲಿ ಕುರಿಗಳ ಉದಾಸೀನ ಕಂಡು ಅಜ್ಜಿಯ ಪಿತ್ತ ನೆತ್ತಿಗೇರಿತು. "ಏನೇ ಕಳ್ಳಿ, ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ? ಲೋ ಮೊಂಡ, ಆ ಮುಳ್ಳಿಗೆ ಬಾಯಿ ಹಾಕ್ಬೇಡ. ಇಳೀರಿ ಕೆಳಗೆ." ಸೊಸೆ ಆಗಲೇ ಮೆಲ್ಲಗೆ ಫೋನಿನ ರೆಕಾರ್ಡ್ ಗುಂಡಿ ಒತ್ತಿದ್ದಳು. ಅತ್ತೆ ಎಷ್ಟು ಹೊತ್ತು ಮಾತಾಡಿದಳೋ ಅಷ್ಟೂ ಅದರಲ್ಲಿ ಸೇರಿಕೊಂಡಿತು.

ಭಾನುವಾರ ಸಂಜೆ ಮಗ, ವ್ಯಾಪಾರಿ ಇಬ್ಬರೂ ಅಂಗಳದಲ್ಲಿ ನಿಂತಿದ್ದರು. ಅಜ್ಜಿ ಒಳಗಿದ್ದಳು. ಸೊಸೆ ಮಹಡಿಯಿಂದ ಡ್ರೋನ್ ಹಾರಿಸಿದಳು. ತುಸು ಹೊತ್ತಿಗೆ ಗುಡ್ಡದ ಮೇಲಿನಿಂದ "ಏನೇ ಕಳ್ಳಿ" ಎಂದು ಕೇಳಿಸಿತು. ಕಳ್ಳಿ ತಲೆಯೆತ್ತಿತು. ಮೊಂಡ ಮುಳ್ಳು ಬಿಟ್ಟಿತು. ಒಂದರ ಹಿಂದೊಂದು ಕುರಿಗಳೆಲ್ಲ ಆ ದನಿಯ ಬೆನ್ನು ಹಿಡಿದು ಇಳಿಯತೊಡಗಿದವು.

"ಯಾರಪ್ಪಾ ಇದು, ಮೇಲಿಂದ ಬೈತಿರೋದು?" ವ್ಯಾಪಾರಿ ಕತ್ತು ಎತ್ತಿದ.

ಡ್ರೋನ್ ಅಂಗಳದ ಮೇಲೆ ಬಂತು. ಬೈಗುಳ ಮುಗಿದಿತ್ತು, ದನಿ ಮಾತ್ರ ನಿಂತಿರಲಿಲ್ಲ. "ನಾಳೆಯಿಂದ ಯಾರನ್ನ ಬೈಲಿ ನಾನು? ಸಾಕಾಗಿದೆ ಅಲ್ವಾ ಅಂತಾನೆ ನನ್ ಮಗ. ಉಸಿರಾಡಿ ಸಾಕಾಯ್ತಾ ಅಂತ ಯಾರಾದ್ರೂ ಕೇಳ್ತಾರಾ? ಬೇಡ ಅಂದ್ರೆ ನೊಂದ್ಕೋತಾನೆ, ಅದಕ್ಕೇ ಸುಮ್ನಿದ್ದೀನಿ."

ಅಜ್ಜಿ ಕುಂಟುತ್ತ ಹೊರಗೋಡಿ ಬಂದಳು. "ನಿಲ್ಸೇ ಅದನ್ನ." ಮುಖ ಕೆಂಪಾಗಿತ್ತು.

"ನನಗೇ ಹೇಳಬಾರದಿತ್ತಾ ಅಮ್ಮ?" ಎಂದ ಮಗ.

"ನೀನು ಕುರಿಯಲ್ವಲ್ಲ" ಎಂದಳು ಅಜ್ಜಿ.

ಅವನು ಅಳಲಾರದೆ ನಕ್ಕ. ವ್ಯಾಪಾರಿಯ ಕಡೆ ತಿರುಗಿ, "ತಪ್ಪಾಯ್ತಣ್ಣ, ಕುರಿ ಮಾರೋದಿಲ್ಲ" ಎಂದ.

"ಬಿಡಪ್ಪ. ಈ ಬೈಗುಳ ಕೇಳಿ ಬೆಳೆದವು ನನ್ನ ಮಾತು ಎಲ್ಲಿ ಕೇಳ್ತಾವೆ" ಎಂದು ವ್ಯಾಪಾರಿ ನಗುತ್ತ ಹೊರಟ.

ಅಂದು ಅಜ್ಜಿಯ ತಟ್ಟೆ ಎರಡು ಸಲ ಖಾಲಿಯಾಯಿತು. ಕೈತೊಳೆಯುವಾಗ ಮಗ ಹೆಂಡತಿಯನ್ನು ಕೇಳಿದ: "ಆ ಕೊನೆಯ ಭಾಗ ಯಾಕೆ ಕತ್ತರಿಸಲಿಲ್ಲ?"

"ಮರೆತೇ ಹೋಯ್ತು ರೀ."

ಮದುವೆ ವಿಡಿಯೋದ ಮೂಲೆಯಲ್ಲಿ ಯಾರೋ ಆಕಳಿಸಿದ್ದನ್ನೂ ಬಿಡದೆ ಕತ್ತರಿಸುವವಳು ಅವಳು.