ಸ್ಟೀರಿಂಗಿನ ಬಿರುಕು, ಅಕ್ಕನ ಹೆಬ್ಬೆರಳು

ಅಜ್ಜಂಪುರದಿಂದ ಕಡೂರಿಗೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಕಾರಿನ ಸ್ಟೀರಿಂಗ್ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ. "ಸಾರ್, ಬೀರೂರಲ್ಲಿ ಟೀಗೆ ನಿಲ್ಲಿಸ್ತೀರೋ, ಸೀದಾ ಹೊಡೀತೀರೋ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ಬಿಡದೆ ಎಡಕ್ಕೊಂದು ಸಲ ತಿರುಗಿಸಿದೆ. ಬಸ್ಸೂ ಆಗಲೇ ಎಡಕ್ಕೆ ತಿರುಗಬೇಕೇ! ಆಮೇಲೆ ದಾರಿಯುದ್ದಕ್ಕೂ ಹಿಂದಿನ ಸೀಟಿನ ಅಜ್ಜಿಯೊಬ್ಬಳು "ನಿಧಾನ ಕಣಪ್ಪಾ" ಅನ್ನುತ್ತಲೇ ಬಂದಳು.

ಆ ಸ್ಟೀರಿಂಗ್ ಅಪ್ಪನ ಹಳೆಯ ಕಾರಿನದು. ಅಪ್ಪ ಹೋದ ಮೇಲೆ ಕಾರು ಅಜ್ಜಂಪುರದಲ್ಲಿರುವ ಅಕ್ಕನ ಮನೆಯ ಶೆಡ್ಡು ಸೇರಿತ್ತು. ಈ ವರ್ಷ ಅಕ್ಕ ಇಂಜಿನ್ನು, ಬ್ರೇಕು ಎಲ್ಲ ರಿಪೇರಿ ಮಾಡಿಸಿದಳು. ಉಳಿದದ್ದು ಸ್ಟೀರಿಂಗಿನ ಬಿರುಕುಗಳು. ಅವನ್ನು ನಾನೇ ಮುಚ್ಚುತ್ತೇನೆಂದು ಬಿಚ್ಚಿ ತಂದಿದ್ದೆ.

ಅಕ್ಕನ ಅವಸರಕ್ಕೆ ಕಾರಣ ಅವಳ ನಾದಿನಿ, ತರೀಕೆರೆಯಾಕೆ. "ಮದುವೆಗೆ ಮುಂಚೆ ಅಪ್ಪನ ಕಾರು ನಾನೇ ಓಡಿಸ್ತಿದ್ದೆ" ಎಂದು ಅಕ್ಕ ಹೇಳಿದಾಗಲೆಲ್ಲ ಆಕೆ, "ಹೌದೌದು ಅತ್ತಿಗೆ, ವಿಮಾನಾನೂ ಓಡಿಸ್ತಿದ್ರಂತೆ" ಅನ್ನುವಳು. ಆಗ ಅಕ್ಕ ನನ್ನ ಕಡೆ ತಿರುಗುವಳು. ಉಳಿದಿರುವ ಸಾಕ್ಷಿ ನಾನೊಬ್ಬನೇ. ಆದರೆ ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಕಾಲೇಜಿನಲ್ಲಿ ಪಾಠ ಹೇಳಿದವನು. ಯಾರ ನೆನಪನ್ನೂ, ನನ್ನದನ್ನು ಕೂಡ, ಸುಲಭಕ್ಕೆ ನಂಬುವವನಲ್ಲ. "ಖಚಿತವಾಗಿ ಹೇಳೋಕಾಗಲ್ಲ ಅಕ್ಕ" ಅನ್ನುತ್ತಿದ್ದೆ. ಅಷ್ಟೇ ಅಲ್ಲ, ಕಡೂರಿನಿಂದ ಸಿಂಗಟಗೆರೆಗೆ ಹೋಗುವಾಗ ಸ್ಟೀರಿಂಗ್ ಹಿಡಿಯುತ್ತಿದ್ದವನು ನಾನೇ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಕಪ್ಪು ಚಕ್ರ, ಮೂರು ಕಡ್ಡಿ, ಕೆಳಗಿನ ಕಡ್ಡಿ ಆರು ಗಂಟೆಯ ಮುಳ್ಳಿನಂತೆ ನೆಟ್ಟಗೆ. ಇಷ್ಟು ಸ್ಪಷ್ಟವಾಗಿ ಕಾಣುವುದು ಸುಳ್ಳಾದೀತೇ?

ಈ ಸಲ ಬಂದ ನಾದಿನಿಯನ್ನು ತಾನೇ ಕಾರಿನಲ್ಲಿ ತರೀಕೆರೆಗೆ ಬಿಟ್ಟುಬರುತ್ತೇನೆಂದು ಅಕ್ಕ ಹಟ ಹಿಡಿದಿದ್ದಳು.

ಬಿರುಕು ಮುಚ್ಚಲು ಮೊದಲು ಅದನ್ನು ದೊಡ್ಡದು ಮಾಡಬೇಕು. ಕೂದಲೆಳೆಯಂಥ ಸಂದಿಗೆ ಏನೂ ಇಳಿಯುವುದಿಲ್ಲ. ಗರಗಸದ ಬ್ಲೇಡಿನಿಂದ ಒಂದೊಂದನ್ನೂ ಕೆತ್ತಿ ಅಗಲಿಸಿದೆ, ಥಿನ್ನರಿನಲ್ಲಿ ಜಿಡ್ಡು ಒರೆಸಿದೆ, ಎರಡು ಭಾಗ ಬೆರೆಸಿ ಕಲಸುವ ಪುಟ್ಟಿ ತುಂಬಿದೆ. ಅದು ಕಲ್ಲಾದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಕಪ್ಪು ಬಣ್ಣ ಹೊಡೆದೆ. "ಮನೆ ಗೋಡೆ ಬಿರುಕಿನ ಮೇಲೆ ಇಷ್ಟು ಪ್ರೀತಿ ಯಾವತ್ತೂ ಬರಲಿಲ್ಲ" ಎಂದಳು ಹೆಂಡತಿ.

ಅಜ್ಜಂಪುರದಲ್ಲಿ ಜೋಡಿಸುವಾಗ ಒಂದು ಗೀರು ಕಂಡಿತು. ಸ್ಟೀರಿಂಗಿನ ನಡುವಿನಲ್ಲೂ, ಅದು ಕೂರುವ ದಂಡದ ಮೇಲೂ ಕಬ್ಬಿಣ ಉಜ್ಜುವ ಅರದಿಂದ ಗೀರಿದ್ದರು. ಗಾಲಿ ನೇರ ಮಾಡಿ ಎರಡು ಗೀರನ್ನೂ ಸೇರಿಸಿದರೆ ಕೆಳಗಿನ ಕಡ್ಡಿ ಬಲಕ್ಕೆ ವಾಲುತ್ತಿತ್ತು. ಬಿಚ್ಚಿದ ದಿನ ಗಾಲಿಗಳು ಪೂರ್ತಿ ಒಂದು ಪಕ್ಕಕ್ಕೆ ತಿರುಗಿದ್ದರಿಂದ, ಮೊದಲು ಹೇಗಿತ್ತೆಂದು ತಿಳಿದಿರಲಿಲ್ಲ. ಯಾವನೋ ಮೆಕ್ಯಾನಿಕ್ಕಿನ ಕೈ ಜಾರಿರಬೇಕು ಎಂದು ತೀರ್ಮಾನಿಸಿ, ಕಡ್ಡಿಯನ್ನು ನನ್ನ ನೆನಪಿನಲ್ಲಿದ್ದಂತೆ ನೆಟ್ಟಗೆ ನಿಲ್ಲಿಸಿ ನಟ್ಟು ಬಿಗಿದೆ. ಗೀರಿನ ವಿಷಯ ಯಾರಿಗೂ ಹೇಳಲಿಲ್ಲ.

ನಾದಿನಿ ಹಿಂದಿನ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಕೂತಳು. "ಅತ್ತಿಗೆ, ಬಸ್ಸು ಇನ್ನೂ ಇದೆ ನೋಡಿ" ಎಂದಳು.

ಅಕ್ಕ ಸ್ಟೀರಿಂಗ್ ಹಿಡಿದು ಎಡ ಹೆಬ್ಬೆರಳು ಆಡಿಸಿದಳು. ಮುಖ ಇಳಿಯಿತು. "ಬಿರುಕೆಲ್ಲೋ?"

"ಮುಚ್ಚಿದೆನಲ್ಲ."

"ಎಲ್ಲಾನೂ? ಇಲ್ಲೊಂದು ದೊಡ್ಡದಿತ್ತು ಕಣೋ. ಅದು ಹೆಬ್ಬೆರಳಿಗೆ ಸಿಕ್ಕಿದ್ರೆ ಕಾರು ನೆಟ್ಟಗೆ ಹೋಗ್ತಿದೆ ಅಂತ."

"ಕಡ್ಡಿ ನೋಡಿದ್ರೆ ಗೊತ್ತಾಗಲ್ವಾ?"

"ಯಾವ ಕಡ್ಡಿ? ಅಪ್ಪ ಒಂದ್ಸಲ ಬಿಚ್ಚಿ ವಾರೆಯಾಗಿ ಕೂರಿಸಿಬಿಟ್ಟಿದ್ರು. ಸರಿ ಮಾಡಿ ಅಂದ್ರೆ, ಇದೇ ಸರಿ ಅಂತ ಅರ ತಗೊಂಡು ಗುರುತು ಬೇರೆ ಹಾಕಿಟ್ಟರು. ಕೆಳಗಿನ ಕಡ್ಡಿ ಬಲಕ್ಕೆ ವಾಲಿರ್ತಿತ್ತು. ಓಡಿಸಿದೋರಿಗೆ ಗೊತ್ತು."

"ನೆಪ ಸಿಕ್ತು" ಎಂದು ಹಿಂದಿನಿಂದ ನಗು ಬಂತು.

ನಾನು ಹೇಳದೆ ಬಿಟ್ಟಿದ್ದ ಗೀರು ಅದೇ. ಅಕ್ಕನನ್ನು ಇಳಿಸಿ, ಮತ್ತೆ ನಟ್ಟು ಬಿಚ್ಚಿ, ಗೀರಿಗೆ ಗೀರು ಸೇರಿಸಿದೆ. ಅಷ್ಟರಲ್ಲಿ ಅವಳು ನನ್ನ ಬ್ಲೇಡು ಎತ್ತಿಕೊಂಡು ತನ್ನ ಬಿರುಕಿನ ಪುಟ್ಟಿಯನ್ನು ಕೆತ್ತಿ ತೆಗೆಯತೊಡಗಿದಳು. ನನ್ನ ಹೊಳಪಿನ ಮೇಲೆ ಇಲಿ ಕಡಿದಂತಾಯಿತು.

ಕಾರು ಗೇಟು ದಾಟಿತು. ಮೊದಲ ತಿರುವಿನಲ್ಲಿ ನಾದಿನಿ ಮನೆದೇವರನ್ನು ಕರೆದಳು. ತರೀಕೆರೆ ರಸ್ತೆ ಸಿಕ್ಕ ಮೇಲೆ ಅಪ್ಪಿಕೊಂಡಿದ್ದ ಚೀಲವನ್ನು ಪಕ್ಕಕ್ಕಿಟ್ಟಳು. ಮುಂದೆ ಎಡಗಡೆ ಕೂತಿದ್ದ ನನಗೆ ಬಿಸಿಲಿಗೆ ಜೊಂಪು ಹತ್ತಿತು; ತಲೆಯನ್ನು ಕಿಟಕಿಗೆ ವಾಲಿಸಿದೆ. ಅಲ್ಲಿಂದ ಕಂಡಿತು: ಕಪ್ಪು ಚಕ್ರ, ಮೂರು ಕಡ್ಡಿ, ಕೆಳಗಿನದು ಆರು ಗಂಟೆಯ ಮುಳ್ಳಿನಂತೆ ನೆಟ್ಟಗೆ. ತಲೆ ಎತ್ತಿದೆ, ಕಡ್ಡಿ ಬಲಕ್ಕೆ ವಾಲಿತು. ತಲೆ ವಾಲಿಸಿದೆ, ನೆಟ್ಟಗಾಯಿತು.

"ಏನೋ ಅದು, ಕೋಳಿ ಹಂಗೆ ತಲೆ ಆಡಿಸ್ತಿದ್ದೀಯ?" ಎಂದಳು ಅಕ್ಕ.

"ಮೇಷ್ಟ್ರೇ, ಈಗಲಾದ್ರೂ ಹೇಳಿ" ಎಂದಳು ನಾದಿನಿ. "ಆಗ ನಿಜವಾಗ್ಲೂ ಇವರೇ ಓಡಿಸ್ತಿದ್ರಾ?"

"ಇವಳೇ," ಅಂದೆ. "ನಾನು ಇಲ್ಲಿ ಕೂತು ನಿದ್ದೆ ಮಾಡ್ತಿದ್ದೆ."

ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಅಕ್ಕ ಉದ್ದಕ್ಕೆ ಹಾರನ್ ಹೊಡೆದಳು.