ಪಿಸುದನಿಯ ಪಾಟೀಸವಾಲು

ನಾನು ಸುರಪುರ ನ್ಯಾಯಾಲಯದಲ್ಲಿ ಹೊಸ ವಕೀಲೆಯಾಗಿದ್ದಾಗ, ಶಹಾಪುರದ ಹಿರಿಯ ವಕೀಲರೊಬ್ಬರು ನನ್ನ ಮೊದಲ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ನುಚ್ಚುನೂರು ಮಾಡಿದ್ದರು. ಸಂಜೆ ಅವರೇ ಚಹಾಕ್ಕೆ ಕರೆದು, "ನಾ ಹಂಗ ಕೇಳಾಕತ್ತಾಗ ಎದ್ದು ತಡೀಬೇಕಿತ್ತು ತಂಗಿ. ಯಾಕ ಸುಮ್ಮನ ಕುಂತಿ?" ಎಂದು ಗದರಿದರು. ಆಮೇಲೆ ಎಷ್ಟೋ ದಾವೆಗಳಲ್ಲಿ ಎದುರಾಳಿಗಳಾದೆವು. ಎದುರು ನಿಂತೇ ನಾನು ಅವರಿಂದ ಕೆಲಸ ಕಲಿತೆ.

ಈಗ ಸಿವಿಲ್ ದಾವೆ ವಿಚಾರಣೆಯವರೆಗೆ ಬರುವುದೇ ಅಪರೂಪ. ಕೆಲವು ಲೋಕ ಅದಾಲತ್ತಿನಲ್ಲಿ ಮುಗಿಯುತ್ತವೆ, ಉಳಿದವು ವಾಯಿದೆಗಳಲ್ಲೇ ಸೊರಗುತ್ತವೆ. ಹಾಗಾಗಿ ಹೋದ ವರ್ಷ ದೇವಾಪುರದ ಅಣ್ಣತಮ್ಮಂದಿರ ದಾವೆ ವಿಚಾರಣೆಗೆ ನಿಂತಾಗ ನಮ್ಮಿಬ್ಬರಿಗೂ ಹುರುಪು. ಅಣ್ಣನ ಹೊಲದೊಳಗಿಂದ ತನಗೆ ದಾರಿ ಇದೆ ಎಂದು ತಮ್ಮನ ವಾದ. ಅವನ ವಕೀಲರು ಆ ಹಿರಿಯರು. ದಾರಿಯೇ ಇಲ್ಲ ಎನ್ನುವ ಅಣ್ಣನ ಪರ ನಾನು.

ಅಷ್ಟರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಹಿರಿಯ ವಕೀಲರ ದನಿ ಹೋಯಿತು. ಆದರೂ ತಮ್ಮನು ಬೇರೆ ವಕೀಲರನ್ನು ಒಪ್ಪಲಿಲ್ಲ. ಅಣ್ಣನ ಪಾಟೀಸವಾಲಿಗೆ ಅವರೇ ಎದ್ದು ನಿಂತರು. ತುಟಿ ಅಲುಗಿತು, ಮಾತು ಯಾರಿಗೂ ಕೇಳಲಿಲ್ಲ. ನ್ಯಾಯಾಧೀಶರು ಮುಜುಗರದಿಂದ ಕಡತ ತಿರುವಿದರು. ನನಗೆ ನೋಡಲಾಗಲಿಲ್ಲ.

"ಅನುಮತಿ ಕೊಟ್ರ, ಅವರ ಪ್ರಶ್ನಿ ನಾನ ಜೋರಾಗಿ ಹೇಳ್ತೀನ್ರಿ," ಎಂದೆ.

ನ್ಯಾಯಾಧೀಶರು ಕಟಕಟೆಯಲ್ಲಿದ್ದ ನನ್ನ ಕಕ್ಷಿದಾರನನ್ನು ಕೇಳಿದರು. "ಹಿರೇರು ಅದಾರ, ಕೇಳಲಿ ಬಿಡ್ರಿ. ನನಗೇನ ಅಂಜಿಕಿ?" ಎಂದ ಅವನು.

ಹಿರಿಯ ವಕೀಲರ ಪಕ್ಕ ನಿಂತೆ. ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತ ಹೋದೆ. ಒಂದು ಪ್ರಶ್ನೆಗೆ ನನ್ನ ನಾಲಿಗೆ ತಡೆಯಿತು. ಅದು ನನ್ನ ವಾದವನ್ನೇ ಮುರಿಯುವಂಥದ್ದು. ಅವರು ನನ್ನ ಮುಖ ನೋಡಿದರು. ಕೇಳಿದೆ:

"ನಿಮ್ಮಪ್ಪನ ಸಮಾಧಿ ತಮ್ಮನ ಹೊಲದಾಗ ಐತಿ. ಅವರನ್ನ ಯಾವ ದಾರೀಲೆ ಹೊತ್ಕೊಂಡು ಹೋದ್ರಿ?"

ಅಣ್ಣ ತಮ್ಮನ ಕಡೆ ತಿರುಗಿದ. "ಅದ ದಾರೀಲೇರಿ," ಎಂದ. "ಮುಂದ ನಾನ ಹೆಗಲ ಕೊಟ್ಟಿದ್ದೆ." ಎದುರು ಕೂತಿದ್ದ ತಮ್ಮನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಊಟದ ಬಿಡುವಿನಲ್ಲಿ ಅಣ್ಣತಮ್ಮ ತಾವೇ ಮಾತಾಡಿಕೊಂಡು ಬಂದು, ದಾರಿ ಬಿಡಲು ರಾಜಿಯಾದರು.

ವಕೀಲರ ಕೋಣೆಯಲ್ಲಿ ಹಿರಿಯರು ಕರಿ ಕೋಟು ಬಿಚ್ಚದೆ ಕೂತಿದ್ದರು. "ಛಲೋ ಆತು," ಎಂದು ಪಿಸುಗುಟ್ಟಿದರು, "ಆದ್ರ ನಾ ವಾದ ಮಾಡೂದು ಉಳೀತಲ್ಲ ತಂಗಿ."

"ನನ್ನ ಮುಂದ ಮಾಡ್ರಿ ಸರ್," ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ಅವರು ಎದ್ದು ನಿಂತು, ದಾವೆಯ ಸಂಗತಿಯಿಂದಲೇ ಶುರು ಮಾಡಿದರು. ದನಿ ಕೇಳದ ಕಡೆ ತುಟಿ ನೋಡಿ ತಿಳಿದುಕೊಂಡೆ.